ಕೆಲಸ ಎಲ್ಲಿ ನಿಂತೈತಿ ಅಂತ ಗ್ವಾಡಿ ಮ್ಯಾಲ ಬರದು ನೋಡೂದು ಹೆಂಗ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಸಣ್ಣ ಮಷೀನ್ ಶಾಪ್ ನಡಸೋರು ಯಾರೇ ಸಿಗಲಿ, ಮಾತು ಒಂದ: ಆರ್ಡರ್ ಅದಾವ, ಮಷೀನ್ ಅದಾವ, ಮಂದಿನೂ ಅದಾರ, ಆದ್ರೂ ಮಾಲು ಹೇಳಿದ ದಿನಕ್ಕ ಹೋಗೂದಿಲ್ಲ. ಪ್ರಾಸೆಸ್ ಮ್ಯಾಪ್ (ಕೆಲಸ ಯಾರ ಕೈಯಿಂದ ಯಾರ ಕೈಗೆ ಹೆಂಗ ಹೋಗ್ತೈತಿ ಅಂತ ತೋರಸೂ ಚಿತ್ರ) ಮಾಡಸ್ರಿ ಅಂತ ಯಾರೋ ಸಲಹಾ ಕೊಡ್ತಾರ, ಮಾಲಕರು ಕ್ಯಾಬಿನ್‌ನ್ಯಾಗ ಮ್ಯಾನೇಜರ್‌ನ ಕೂಡಿಸಿಕೊಂಡು ಅರ್ಧಾ ತಾಸಿನ್ಯಾಗ ಕಂಪ್ಯೂಟರ್ ಮ್ಯಾಲ ಡಬ್ಬಿ, ಬಾಣ ಎಲ್ಲಾ ಹಾಕಿ ಬಣ್ಣದ ಪ್ರಿಂಟ್ ತಗಸ್ತಾರ, ಕೆಲಸ ಕೆಡೂದು ಅಲ್ಲೇ. ಆ ಚಿತ್ರದಾಗ ಕೆಲಸ ಹೆಂಗ ನಡೀಬೇಕೋ ಅದು ಇರ್ತೈತಿ, ಹೆಂಗ ನಡದೈತೋ ಅದು ಇರೂದಿಲ್ಲ. ಕಾಯೂದಂತೂ ಎಲ್ಲೂ ಇರೂದಿಲ್ಲ. ಸಣ್ಣ ಶಾಪ್‌ನ್ಯಾಗ ಮಾಲು ತಡಾ ಆಗೂದು ಹೆಚ್ಚಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೂ ನಡುವಿನ ಜಾಗಾದಾಗ, ಮಷೀನ್ ಮ್ಯಾಲ ಅಲ್ಲ. ಅದನ್ನ ಬರೀದಿದ್ರ ಮ್ಯಾಪ್ ಮಾಡಿದ್ದಕ್ಕ ಅರ್ಥ ಇಲ್ಲ.

ಉದಾಹರಣೆಗೆ ಹೈಡ್ರಾಲಿಕ್ ವಾಲ್ವಿನ ಸ್ಪೂಲ್ (ವಾಲ್ವಿನೊಳಗ ಸರದು ಎಣ್ಣಿ ದಾರಿ ಬದಲಸೂ ದುಂಡು ಭಾಗ) ತಗೊಳ್ಳೂಣು, ಬೆಳಗಾವಿಯೊಳಗ ಭಾಳ ಮಂದಿಗೆ ಗೊತ್ತಿದ್ದ ಕೆಲಸ. ರಾಡ್ ಬರ್ತೈತಿ, ಕಟಿಂಗ್, ಟರ್ನಿಂಗ್, ಡ್ರಿಲ್ಲಿಂಗ್, ಹೊರಗ ಭಟ್ಟಿಯೊಳಗ ಕಾಯಿಸಿ ಗಟ್ಟಿ ಮಾಡಸೂ ಹೀಟ್ ಟ್ರೀಟ್‌ಮೆಂಟ್, ವಾಪಸ್ ಬಂದ ಮ್ಯಾಲ ಗ್ರೈಂಡಿಂಗ್, ಇನ್ಸ್‌ಪೆಕ್ಷನ್, ಎಣ್ಣಿ ಹಚ್ಚಿ ಪ್ಯಾಕಿಂಗ್, ಬಿಲ್, ಗಾಡಿ.

ಮೊದಲನೇ ಹಂತ: ಎಲ್ಲಿಂದ ಎಲ್ಲಿತನಕ ಅಂತ ಗೆರಿ ಹಾಕೂದು

ಒಂದ ಪ್ರಾಸೆಸ್ ಆರಿಸ್ರಿ. "ವಾಟ್ಸಾಪ್‌ನ್ಯಾಗ ಪಿಒ (ಗಿರಾಕಿಯ ಖರೀದಿ ಆರ್ಡರ್) ಬಂದದ್ದರಿಂದ ಗಾಡಿ ಗೇಟ್ ದಾಟೂತನಕ." ಇಷ್ಟ ಸಾಕು. ಇಡೀ ಕಂಪನಿ ಮ್ಯಾಪ್ ಮಾಡ್ತೀವಿ ಅಂತ ಹೊಂಟವರು ಮುಗಿಸಿದ್ದನ್ನ ನಾ ನೋಡಿಲ್ಲ.

ಎರಡನೇ ಹಂತ: ಸಾಮಾನು

ಅಂಗಡ್ಯಾಗ ಸಿಗೂ ಖಾಕಿ ಪೇಪರ್ ರೋಲ್, ಅಂಟು ಚೀಟಿ, ದಪ್ಪ ಮಾರ್ಕರ್, ಮಾಸ್ಕಿಂಗ್ ಟೇಪ್, ಒಂದು ಪೆನ್ಸಿಲ್. ಕಂಪ್ಯೂಟರ್ ಈಗ ಬ್ಯಾಡ. ತೀರಾ ಅಗ್ಗದ ಚೀಟಿ ತಗೋಬ್ಯಾಡ್ರಿ, ಶಾಪ್‌ನ ಧೂಳಿಗೆ, ಫ್ಯಾನಿನ ಗಾಳಿಗೆ ಮುಂಜಾನೆ ಹಚ್ಚಿದ್ದು ಸಂಜಿಗೆ ನೆಲದ ಮ್ಯಾಲ ಬಿದ್ದಿರ್ತಾವ, ಯಾವ ಚೀಟಿ ಎಲ್ಲಿತ್ತು ಅಂತ ಯಾರಿಗೂ ನೆನಪಿರೂದಿಲ್ಲ. ಚಲೋ ಚೀಟಿನೂ ಪ್ಯಾಡಿನಿಂದ ಕೆಳಗಿಂದ ಮ್ಯಾಲಕ್ಕ ಎತ್ತಿ ಕಿತ್ರ ಮಡಚ್ಕೊಂಡು ಉದರ್ತೈತಿ. ಬಾಜೂದಿಂದ ಅಡ್ಡ ಎಳೀರಿ, ಸಪಾಟ ಕೂಡ್ತೈತಿ. ಇಂಟರ್ನೆಟ್‌ನ್ಯಾಗ ರೆಡಿಮೇಡ್ ಟೆಂಪ್ಲೇಟ್ ಸಿಗ್ತಾವ, ಅವನ್ನ ಮುಟ್ಟಬ್ಯಾಡ್ರಿ. ಟೆಂಪ್ಲೇಟ್‌ನ್ಯಾಗ ಇದ್ದ ಡಬ್ಬಿ ತುಂಬ್ಸಾಕ ನಾವು ಇಲ್ಲದ ಕೆಲಸ ಹುಡುಕ್ತೀವಿ.

ಗುಣಮಟ್ಟದ ಸರ್ಟಿಫಿಕೇಟ್ ಐಎಸ್ಓ ಬಗ್ಗೆನೂ ಒಂದ ಮಾತು ಹೇಳೇ ಬಿಡ್ತೀನಿ. ಐಎಸ್ಓ 9001 ರ 2015 ರ ಆವೃತ್ತಿ ಕೇಳೂದು ನಿಮ್ಮ ಪ್ರಾಸೆಸ್ ಯಾವು, ಯಾವುದರ ಹಿಂದ ಯಾವುದು, ಒಂದಕ್ಕೊಂದು ಸಂಬಂಧ ಏನು ಅಂತ ಗೊತ್ತಿರಬೇಕು ಅಂತ. ಫ್ಲೋಚಾರ್ಟ್ ಇಂಥಾ ನಮೂನಿನ ಇರಬೇಕು ಅಂತ ಅದ್ರಾಗ ಎಲ್ಲೂ ಇಲ್ಲ. ಬ್ಯಾರೆ ಕಂಪನಿ ಹೆಸರು ಅಳಿಸಿ ನಿಮ್ಮ ಹೆಸರು ಬರದು ಕೊಟ್ಟ ಚಾರ್ಟಿಗೆ ರೊಕ್ಕಾ ಕೊಡಬ್ಯಾಡ್ರಿ.

ಮೂರನೇ ಹಂತ: ಶಾಪ್‌ನ್ಯಾಗ ಅಡ್ಡಾಡೂದು

ಬಿಗಡಾಯಿಸೂದು ಇಲ್ಲೇ, ಹಿಂಗಾಗಿ ಇಲ್ಲೇ ಟೈಮ್ ಹಾಕ್ರಿ. ಉಳಿದದ್ದೆಲ್ಲಾ ಒಂದು ಮಧ್ಯಾಹ್ನದ ಕೆಲಸ.

ಹಿಂದಿನಿಂದ ಶುರು ಮಾಡ್ರಿ. ಅಂದ್ರ ಗೇಟಿನಿಂದ, ಡಿಸ್ಪ್ಯಾಚ್‌ನಿಂದ. ಆರ್ಡರ್ ಕಡೆಯಿಂದ ಶುರು ಮಾಡಿದ್ರ ಎಲ್ಲಾರೂ ಪಾಠ ಒಪ್ಪಸಿದಂಗ ಹೇಳ್ತಾರ, ಮೊದಲ ಇದು, ಆಮ್ಯಾಲ ಅದು, ಮುಗೀತು. ಹಿಂದಿನಿಂದ ಹೋದ್ರ "ಇದು ನಿಮ್ಮ ಕೈಗೆ ಯಾರು ಕೊಟ್ರು" ಅಂತ ಕೇಳಬೇಕಾಗ್ತೈತಿ, ಅದಕ್ಕ ವಿಚಾರ ಮಾಡಿ ಉತ್ತರ ಕೊಡಬೇಕು, ಅಲ್ಲೇ ಖರೇ ಸಂಗತಿ ಹೊರಗ ಬೀಳ್ತಾವ.

ಇಬ್ಬರು ಹೋಗ್ರಿ, ಒಬ್ಬರು ಕೇಳಾಕ, ಒಬ್ಬರು ಒಂದೊಂದು ಕೆಲಸಕ್ಕ ಒಂದೊಂದು ಚೀಟಿ ಬರೀಲಿಕ್ಕೆ. ಮಾಲಕರು ಆವತ್ತು ಜೋಡಿ ಬರೂದು ಬ್ಯಾಡ, ಇದನ್ನ ಗಟ್ಟಿಯಾಗೇ ಹೇಳ್ತೀನಿ. ಸಾವಕಾರ್ರು ಬಾಜೂಕ ನಿಂತ್ರ ಯಾವ ಆಪರೇಟರೂ "ಅಣ್ಣಾರ, ಡ್ರಾಯಿಂಗ್ ಸಿಗಲಿಲ್ಲ ಅಂತ ಎರಡು ದಿನಾ ಇದು ಇಲ್ಲೇ ಬಿದ್ದಿತ್ತು" ಅನ್ನೂದಿಲ್ಲ. ಹೋದ ಕೂಡಲೇ ಮೊದಲ ಹೇಳ್ರಿ, ನಾವು ಬಂದದ್ದು ನಿಮ್ಮ ತಪ್ಪು ಹುಡಕಾಕ ಅಲ್ರಿ, ಈ ಸ್ಪೂಲ್ ಎಲ್ಲೆಲ್ಲಿ ನಿಂತು ಬಂತು ಅಂತ ನೋಡಾಕ ಅಂತ. ಹೇಳಿದ ಮ್ಯಾಲ ಹಂಗೇ ನಡ್ಕೊಳ್ರಿ, ಯಾರ ಹೆಸರೂ ಚೀಟಿ ಮ್ಯಾಲ ಬರೀಬ್ಯಾಡ್ರಿ. ವಿಭಾಗದ ಹೆಸರು ಸಾಕು: ಸ್ಟೋರ್, ಟರ್ನಿಂಗ್, ಕ್ಯೂಸಿ (ಮಾಲಿನ ತಪಾಸಣಿ), ಅಕೌಂಟ್ಸ್, ಅಷ್ಟ.

ಕೇಳೂ ರೀತಿ ಭಾಳ ಮುಖ್ಯ. "ಸಾಮಾನ್ಯವಾಗಿ ಹೆಂಗ ಮಾಡ್ತೀರಿ" ಅಂತ ಕೇಳಿದ್ರ ಪುಸ್ತಕದ ಉತ್ತರ ಬರ್ತೈತಿ. "ಹೋದ ಸಲದ ಲಾಟ್‌ನ್ಯಾಗ ಏನಾತು" ಅಂತ ಕೇಳ್ರಿ. ಆಮ್ಯಾಲ ಇವು: ಕೆಲಸ ಬಂದೈತಿ ಅಂತ ನಿಮಗ ಹೆಂಗ ಗೊತ್ತಾಗ್ತೈತಿ? ಶುರು ಮಾಡಬೇಕಂದ್ರ ಏನೇನು ಕೈಯಾಗ ಇರಬೇಕು? ಏನು ಇಲ್ಲದಿದ್ರ ನಿಂದರ್ತೈತಿ? ಮುಗಿದ ಮ್ಯಾಲ ಎಲ್ಲಿ ಇಡ್ತೀರಿ, ಯಾರಿಗೆ ಹೇಳ್ತೀರಿ? ವಾಪಸ್ ಬರ್ತಾವೇನು, ಬಂದ್ರ ಯಾತಕ್ಕ? "ಯಾಕ ತಡಾ ಮಾಡಿದ್ರಿ" ಅಂತ ಮಾತ್ರ ಬಾಯಿ ಬಿಡಬ್ಯಾಡ್ರಿ, ಆ ಪ್ರಶ್ನೆ ಕೇಳಿದ ಮ್ಯಾಲ ಮುಂದಿನ ಉತ್ತರ ಎಲ್ಲಾ ಬಚಾವ್ ಆಗೂ ಉತ್ತರಾನ.

ಬಾಯಿ ಮಾತು ಸಾಲೂದಿಲ್ಲ, ಕಾಗದ ನೋಡ್ರಿ. ಒಂದು ಮುಗಿದ ಆರ್ಡರಿನ ಜಾಬ್ ಕಾರ್ಡ್ (ಮಾಲಿನ ಜೋಡಿ ಶಾಪ್ ತುಂಬಾ ತಿರಗೂ ಕಾರ್ಡ್) ತಗೊಳ್ರಿ, ಎಣ್ಣಿ ಕೈಯಿನ ಹೆಬ್ಬೆಟ್ಟಿನ ಗುರುತು ಬಿದ್ದು ಅರ್ಧಾ ಅಕ್ಷರ ಅಳಿಸಿದ್ದ ಕಾರ್ಡ್ ಇದ್ರೂ ಅಡ್ಡಿ ಇಲ್ಲ. ಅದರ ಬಾಜೂಕ ಗೇಟ್ ರಿಜಿಸ್ಟರ್, ಹೀಟ್ ಟ್ರೀಟ್‌ಮೆಂಟ್‌ಗೆ ಕಳಸಿದ ಡೆಲಿವರಿ ಚಲನ್, ವಾಪಸ್ ಬಂದ ಚಲನ್, ಬಿಲ್ಲಿನ ತಾರೀಖು, ಎಲ್ಲಾ ಇಟ್ಟು ಒಂದು ಸಾಲಿನ್ಯಾಗ ಬರೀರಿ. ಟರ್ನಿಂಗ್ ಎರಡು ತಾಸು ಅಂತ ಆಪರೇಟರ್ ಹೇಳಿರ್ತಾನ, ಅದು ಖರೇನೂ ಇರ್ತೈತಿ. ಆದ್ರ ಮಾಲು ಟರ್ನಿಂಗಿಗೆ ಬಂದದ್ದು ಸೋಮವಾರ, ಅಲ್ಲಿಂದ ಹೋದದ್ದು ಗುರುವಾರ ಅಂತ ಕಾಗದ ಹೇಳ್ತಿದ್ರ ಉಳಿದ ಟೈಮ್ ಎಲ್ಲಿ ಹೋತು? ಚೀಟಿ ಮ್ಯಾಲ ಎರಡೂ ಬರೀರಿ, ಕೈ ಹಚ್ಚಿದ ಟೈಮ್ ಒಂದು, ಬಂದು ಹೋಗೂತನಕ ಹಿಡದ ಟೈಮ್ ಒಂದು. ಭಾಳ ಮಂದಿ ಮೊದಲನೇದ್ದಷ್ಟ ಬರೀತಾರ, ಹಂಗ ಬರದ್ರ ಇಡೀ ಸ್ಪೂಲ್ ಎರಡು ದಿನದಾಗ ಆಗಬೇಕಿತ್ತಲ್ಲಾ ಅನಸ್ತೈತಿ, ಆಮ್ಯಾಲ ಮಂದಿ ಮ್ಯಾಲ ಸಿಟ್ಟು ಬರ್ತೈತಿ.

ಕಾಗದ ಇಲ್ಲದಿದ್ರೂ ಒಂದು ಲೆಕ್ಕ ಐತಿ. ಜಾನ್ ಲಿಟಲ್ ಅನ್ನೋರು 1961 ರಾಗ ಸಾಬೀತು ಮಾಡಿದ್ದು: ಒಳಗ ಇದ್ದ ಕೆಲಸದ ಸಂಖ್ಯೆಯನ್ನ ದಿನಕ್ಕ ಮುಗೀಯೂ ಸಂಖ್ಯೆಯಿಂದ ಭಾಗಿಸಿದ್ರ ಒಂದು ಕೆಲಸ ಸರಾಸರಿ ಎಷ್ಟು ದಿನಾ ಒಳಗ ಇರ್ತೈತಿ ಅಂತ ಸಿಗ್ತೈತಿ. ಶಾಪ್‌ನ್ಯಾಗ 60 ಜಾಬ್ ಕಾರ್ಡ್ ತಿರಗ್ಯಾಡಾಕತ್ತಾವ, ದಿನಕ್ಕ 5 ಹೊರಗ ಹೋಗ್ತಾವ ಅಂದ್ರ ಒಂದಕ್ಕ 12 ದಿನಾ. ನೀವು ಗಿರಾಕಿಗೆ ಒಂದು ವಾರ ಅಂತ ಮಾತು ಕೊಟ್ಟಿದ್ರ, ಕೊಟ್ಟಾಗಲೇ ಆ ಮಾತು ತಪ್ಪೈತಿ.

ಇನ್ನೊಂದು, ಎಲ್ಲಾ ಕಾಯೂದೂ ಒಂದ ನಮೂನಿ ಅಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡಿನ್ಯಾಗ ದ್ರಾಕ್ಷಿ ಎರಡು ವಾರದ ಸುಮಾರು ಜಾಳಗಿ ಮ್ಯಾಲ ಇರ್ತೈತಿ, ಅದು ಕಾಯೂದಲ್ಲ, ಒಣಗೂದ ಕೆಲಸ. ಅದನ್ನ ಕಡಿಮಿ ಮಾಡಾಕ ಹೋದ್ರ ಮಾಲು ಕೆಡ್ತೈತಿ. ಒಣಗಿದ ಮ್ಯಾಲ ಗ್ರೇಡಿಂಗ್ ಮಾಡಾಕ ಮಂದಿ ಸಿಗಲಿಲ್ಲ ಅಂತ ಬಾಕ್ಸ್‌ನ್ಯಾಗ ಬಿದ್ದಿರ್ತೈತಲ್ಲಾ, ಅದು ಕಾಯೂದು. ಸ್ಪೂಲ್ ಭಟ್ಟಿಯೊಳಗ ಇರೂ ತಾಸು ಕೆಲಸ. ಭಟ್ಟಿಯಿಂದ ಬಂದು ಗ್ರೈಂಡಿಂಗಿಗೆ ಮೊದಲು ಕ್ರೇಟಿನ್ಯಾಗ ಬಿದ್ದಿರೂದು ಕಾಯೂದು, ಅದೂ ಜುಲೈದಾಗ, ಬೆಳಗಾವಿ ಮಳಿಯೊಳಗ, ಎಣ್ಣಿ ಹಚ್ಚದ ಇಟ್ರ ಜಂಗ್ ಹಿಡೀತೈತಿ, ಮತ್ತ ಅದನ್ನ ತಗಿಯಾಕ ಒಬ್ಬರು ಪಾಲಿಶ್ ಪೇಪರ್ ಹಿಡಕೊಂಡು ಕೂಡಬೇಕು. ಈ ಪಾಲಿಶ್ ಕೆಲಸ ಯಾವ ಚಾರ್ಟಿನ್ಯಾಗೂ ಇರೂದಿಲ್ಲ, ಯಾವ ರೇಟಿನ್ಯಾಗೂ ಹಿಡದಿರೂದಿಲ್ಲ. ಇಂಥಾವು ಕಂಡ್ರ ಖುಷಿಯಿಂದ ಒಂದು ಚೀಟಿ ಬರೀರಿ. ಅಡ್ಡಾಡಿದ್ದು ಇದಕ್ಕಾಗೇ.

ನಾಲ್ಕನೇ ಹಂತ: ಪೇಪರ್ ಮ್ಯಾಲ ಹಚ್ಚೂದು

ಪೇಪರ್ ಗ್ವಾಡಿಗೆ ಹಚ್ಚಿ ಅಡ್ಡ ಗೆರಿ ಎಳದು ಪಟ್ಟಿ ಮಾಡ್ರಿ, ಒಂದು ವಿಭಾಗಕ್ಕ ಒಂದು ಪಟ್ಟಿ. ಗಿರಾಕಿಗೊಂದು, ಹೊರಗಿನ ಹೀಟ್ ಟ್ರೀಟ್‌ಮೆಂಟಿನವರಿಗೊಂದು ಪಟ್ಟಿ ಬಿಡೂದು ಮರೀಬ್ಯಾಡ್ರಿ. ಎಡದಿಂದ ಬಲಕ್ಕ ಟೈಮ್ ಹೋಗ್ತೈತಿ. ಬಾಣ ಪೆನ್ಸಿಲ್‌ನ್ಯಾಗ, ಯಾಕಂದ್ರ ಚೀಟಿ ಸರಸ್ಬೇಕಾಗೇ ಆಗ್ತೈತಿ.

ಚಿಹ್ನೆ ಬಗ್ಗೆ ಮಂದಿ ಭಾಳ ತಲಿ ಕೆಡಿಸ್ಕೊಂತಾರ. ಈ ವಿದ್ಯಾ ನೂರು ವರ್ಷದ್ದು, ಫ್ರಾಂಕ್ ಮತ್ತ ಲಿಲಿಯನ್ ಗಿಲ್ಬ್ರೆತ್ ದಂಪತಿ 1921 ರಾಗ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರ್‌ಗಳ ಸಂಘದ ಮುಂದ ಪ್ರಾಸೆಸ್ ಚಾರ್ಟ್ ಅಂತ ಇಟ್ಟದ್ದು, ಅದೇ ಸಂಘ 1947 ರಾಗ ಐದು ಚಿಹ್ನೆ ಗಟ್ಟಿ ಮಾಡ್ತು: ಕೆಲಸಕ್ಕ ದುಂಡು, ಸಾಗಸೂದಕ್ಕ ಬಾಣ, ತಪಾಸಣಿಗೆ ಚೌಕ, ಕಾಯೂದಕ್ಕ ಡಿ ಅಕ್ಷರ, ದಾಸ್ತಾನಿಗೆ ತಲಿಕೆಳಗಾದ ತ್ರಿಕೋನ. ನೋಡ್ರಿ, ಐದರಾಗ ಒಂದು ಕಾಯೂದಕ್ಕಂತಾನೇ ಐತಿ. ಆಫೀಸ್ ಸಾಫ್ಟ್‌ವೇರ್ ಮಂದಿ ಬಳಸೂ ಬಿಪಿಎಂಎನ್ ಅನ್ನೂ ಚಿಹ್ನೆ ಪದ್ಧತಿ ಬ್ಯಾರೆ, ಅದರ 2.0 ಆವೃತ್ತಿ 2011 ರದ್ದು, ಚಿಹ್ನೆ ಭಾಳ ಅದಾವ, ಸಣ್ಣ ಶಾಪಿಗೆ ಬ್ಯಾಡ. ನನ್ನ ಪ್ರಕಾರ ಕೆಲಸಕ್ಕ ಹಳದಿ ಚೀಟಿ, ಕಾಯೂದಕ್ಕ ಗುಲಾಬಿ ಚೀಟಿ, ಹೌದು-ಇಲ್ಲ ಅನ್ನೂ ಕಡೆ ಚೀಟಿ ವಾರಿ ಮಾಡಿ ಹಚ್ಚೂದು, ಇಷ್ಟ ಸಾಕು. ದೂರ ನಿಂತು ನೋಡಿದ್ರ ಗುಲಾಬಿ ಎಷ್ಟೈತಿ ಅಂತ ಕಣ್ಣಿಗೆ ಹೊಡೀಬೇಕು.

ಚೀಟಿ ಮ್ಯಾಲ "ಇನ್ಸ್‌ಪೆಕ್ಷನ್" ಅಂತ ಬರೀಬ್ಯಾಡ್ರಿ, "ಫಸ್ಟ್ ಪೀಸ್ ಅಳತಿ ನೋಡೂದು" ಅಂತ ಬರೀರಿ. ಕನ್ನಡ, ಮರಾಠಿ, ಹಿಂದಿ ಯಾವುದರಾಗ ಶಾಪ್ ಮಂದಿ ಮಾತಾಡ್ತಾರೋ ಅದೇ ಮಾತಿನ್ಯಾಗ ಬರೀರಿ. ಹೌದು-ಇಲ್ಲ ಇದ್ದಲ್ಲಿ "ಇಲ್ಲ" ಬಾಣ ಎಲ್ಲಿಗೆ ಹೋಗ್ತೈತಿ ಅಂತ ಬಿಡದ ಎಳೀರಿ, ಹತ್ತರಾಗ ಎಷ್ಟು ಆ ಕಡೆ ಹೋಗ್ತಾವ ಅಂತಾನೂ ಬರೀರಿ. ಎಲ್ಲಾರೂ "ಹೌದು" ಎಳದು ಮುಂದ ಹೋಗ್ತಾರ. ರಿಜೆಕ್ಟ್ ಆದ ಸ್ಪೂಲ್ ಗಾಳಿಯೊಳಗ ಹೋಗೂದಿಲ್ಲಲ್ಲಾ, ಯಾವುದೋ ಮೂಲ್ಯಾಗ ಇರ್ತೈತಿ.

ಎರಡು ದಾರಿ ಬಂದು ಕೂಡೂ ಜಾಗಾನೂ ಕಣ್ಣಿಟ್ಟು ನೋಡ್ರಿ. ಇಳಕಲ್ ಸೀರಿಯೊಳಗ ಒಡಲಿನ ಹಾಸು (ಉದ್ದಕ್ಕ ಹಾಸಿದ ಎಳಿ) ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡನ್ನೂ ತೋಪು ತೆನಿ ಅನ್ನೂ ಕುಣಿಕಿ ಹಾಕಿ ಮಗ್ಗದ ಮ್ಯಾಲ ಕೂಡಸ್ತಾರ. ಸೆರಗಿನ ರೇಷ್ಮಿಗೆ ಬಣ್ಣ ಆಗಿ ಬರದಿದ್ರ ಒಡಲಿನ ಹಾಸು ಎಷ್ಟು ಬೇಗ ತಯಾರಾದ್ರೂ ಉಪಯೋಗ ಇಲ್ಲ, ಬೇಗ ಮಾಡಬೇಕಾದ್ದು ಸೆರಗಿಂದು. ನಿಮ್ಮ ಕಡೆ ಮಾಲು ಒಂದು ದಾರಿ, ಟೆಸ್ಟ್ ಸರ್ಟಿಫಿಕೇಟ್ ಒಂದು ದಾರಿ, ಎರಡೂ ಡಿಸ್ಪ್ಯಾಚ್‌ನ್ಯಾಗ ಕೂಡ್ತಾವ. ಮಾಲು ಪ್ಯಾಕ್ ಆಗಿ ಕುಂತು ಸರ್ಟಿಫಿಕೇಟ್ ದಾರಿ ಕಾಯಾಕತ್ತಿದ್ರ ಗ್ರೈಂಡಿಂಗಿನವರಿಗೆ ಓವರ್‌ಟೈಮ್ ಕೊಟ್ಟು ಏನು ಮಾಡ್ತೀರಿ?

ಐದನೇ ಹಂತ: ಎಲ್ಲಾರ್ನೂ ಕರದು ತೋರಸೂದು

ಚಹಾ ಟೈಮಿಗೆ ಕರೀರಿ, ಕೈಯಾಗ ಮಾರ್ಕರ್ ಕೊಡ್ರಿ, ತಪ್ಪಿದ್ದನ್ನ ತಿದ್ದಲಿ. ಮಾಲಕರು ಈಗ ಬರಬೇಕು, ಬಂದು ಸುಮ್ಮನ ಕೇಳಬೇಕು.

ಆರನೇ ಹಂತ: ತಗದು ಹಾಕೂದು

ಗುಲಾಬಿ ಚೀಟಿ ಒಂದೊಂದಕ್ಕ ಕೇಳ್ರಿ, ಇದನ್ನ ತಗಿಯಾಕ ಬರ್ತೈತೇನು? ಆಗಲಿಲ್ಲಾಂದ್ರ ಮೊದಲೇ ಮಾಡಾಕ ಬರ್ತೈತೇನು? ಅದೂ ಆಗದಿದ್ರ ಯಾರಿಗೆ ಅಧಿಕಾರ ಕೊಟ್ರ ಬೇಗ ಆಗ್ತೈತಿ? ಚಲನ್ ಮ್ಯಾಲ ಮಾಲಕರ ಸಹಿ ಬೇಕು, ಮಾಲಕರು ಹುಬ್ಬಳ್ಳಿಗೆ ಹೋಗ್ಯಾರ, ಸ್ಪೂಲ್ ಗೇಟಿನ್ಯಾಗ ನಿಂತಾವ ಅಂದ್ರ ಆ ಸಹಿ ಸ್ಟೋರ್ ಮುಖ್ಯಸ್ಥರಿಗೆ ಕೊಡ್ರಿ. ಹೀಟ್ ಟ್ರೀಟ್‌ಮೆಂಟಿಗೆ ಗಾಡಿ ವಾರದಾಗ ಎರಡ ಸಲ ಹೋಗ್ತೈತಿ ಅಂದ್ರ ಡ್ರಿಲ್ಲಿಂಗ್ ಪ್ಲ್ಯಾನ್ ಆ ದಿನಕ್ಕ ಹೊಂದಿಸಿ ಮಾಡ್ರಿ.

ಎಲ್ಲಾ ಚೀಟಿನೂ ಕೀಳಾಕ ಬರೂದಿಲ್ಲ. ಜಾಬ್ ವರ್ಕಿಗೆ (ನಮ್ಮ ಮಾಲಿನ ಮ್ಯಾಲ ಹೊರಗಿನವರು ಮಾಡಿಕೊಡೂ ಕೆಲಸಕ್ಕ) ಕೊಲ್ಹಾಪುರಕ್ಕ ಕಳಸ್ತಿದ್ರ ರಾಜ್ಯದ ಗಡಿ ದಾಟ್ತೈತಿ, ಮಾಲಿನ ಕಿಮ್ಮತ್ತು 50,000 ರೂಪಾಯಿಕ್ಕಿಂತ ಕಡಿಮಿ ಇದ್ರೂ ಇ-ವೇ ಬಿಲ್ (ಮಾಲು ಸಾಗಸಾಕ ಆನ್ಲೈನ್ ಮಾಡೂ ಜಿಎಸ್ಟಿ ಕಾಗದ) ಬೇಕಾಗ್ತೈತಿ. ಜಾಬ್ ವರ್ಕಿಗೆ ಹೋದ ಕಚ್ಚಾ ಮಾಲು 1 ವರ್ಷದೊಳಗ ವಾಪಸ್ ಬರಬೇಕು ಅಂತ ಜಿಎಸ್‌ಟಿ ಕಾಯ್ದೆ ಹೇಳ್ತೈತಿ, ಹಿಂಗಾಗಿ ಚಲನ್ ರಿಜಿಸ್ಟರ್ ಕೆಲಸ ಬ್ಯಾಸರ ಅನಸಿದ್ರೂ ಇರಬೇಕು. ಆದ್ರ ಇ-ವೇ ಬಿಲ್ ಮಾಡೂ ಮಾಹಿತಿ ಗಾಡಿ ಬಂದು ನಿಂತ ಮ್ಯಾಲ ಹುಡಕೂದ್ರ ಬದಲಿ ಡ್ರಿಲ್ಲಿಂಗ್ ನಡದಾಗಲೇ ತಯಾರ ಇಡಬಹುದು.

ಈ ಹಂತಕ್ಕಿಂತ ಮೊದಲ ಆರ್ಡರ್, ಸ್ಟಾಕ್, ಲೆಕ್ಕ ಎಲ್ಲಾ ಒಂದ ಕಡೆ ನೋಡೂ ಇಆರ್‌ಪಿ ಸಾಫ್ಟ್‌ವೇರ್ ಮಾತ್ರ ತಗೋಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ಮಾಲಕರ ಸಹಿಗೆ ಕಾಯೂ ಚಲನ್ ಕಂಪ್ಯೂಟರಿನ್ಯಾಗ ಹಾಕಿದ್ರ ಮಾಲಕರ ಅಪ್ರೂವಲ್‌ಗೆ ಕಾಯೂ ಚಲನ್ ಆಗ್ತೈತಿ, ವರ್ಷಾ ವರ್ಷಾ ಅದಕ್ಕ ರೊಕ್ಕಾನೂ ಕಟ್ಟಬೇಕು.

ಏಳನೇ ಹಂತ: ಕಂಪ್ಯೂಟರ್‌ಗೆ ಏರಸೂದು, ಆಮ್ಯಾಲ ಅಳತಿ ಮಾಡೂದು

ಗ್ವಾಡಿ ಮ್ಯಾಲಿಂದು ಫೋಟೋ ತಗೊಂಡು ಡ್ರಾ ಡಾಟ್ ಐಓದಾಗ ಬರೀರಿ, ಪುಕ್ಕಟೆ ಐತಿ, ಸಣ್ಣ ಶಾಪಿಗೆ ಸಾಕು. ಕನ್ನಡ ಯೂನಿಕೋಡ್‌ನ್ಯಾಗ ಟೈಪ್ ಮಾಡ್ರಿ, ಹಳೇ ನುಡಿ ಫಾಂಟಿನ್ಯಾಗ ಮಾಡಿದ್ರ ಇನ್ನೊಬ್ಬರ ಫೋನಿನ್ಯಾಗ ಅಕ್ಷರ ಚಿಲ್ಲಾಪಿಲ್ಲಿ ಕಾಣ್ತಾವ. ಮೂಲ್ಯಾಗ ತಾರೀಖು ಹಾಕ್ರಿ.

ಬದಲಿ ಎಲ್ಲಾ ಒಮ್ಮೆಲೇ ಬ್ಯಾಡ. ಒಂದು ಗಿರಾಕಿ ಮಾಲಿಗೆ, ಒಂದು ತಿಂಗಳು. ಜಾಬ್ ಕಾರ್ಡಿನ ಹಿಂದ ಎರಡು ಕಾಲಂ ಹೊಡೀರಿ, ಬಂದ ತಾರೀಖು, ಹೋದ ತಾರೀಖು, ಪ್ರತಿ ಕಡೆ ಆಪರೇಟರೇ ಬರೀಲಿ. ತಿಂಗಳು ಮುಗಿದ ಮ್ಯಾಲ ಹಳೇ ಕಾರ್ಡಿನ ತಾರೀಖಿನ ಬಾಜೂಕ ಇಟ್ಟು ನೋಡ್ರಿ, ಸರಾಸರಿ ಅಷ್ಟ ಅಲ್ಲ, ಎಲ್ಲಾಕ್ಕಿಂತ ತಡಾ ಆದ ಕಾರ್ಡ್ ಯಾವುದು ಅಂತಾನೂ ನೋಡ್ರಿ. ಮುಂದಿನ ಗುಲಾಬಿ ಚೀಟಿ ಆ ಕಾರ್ಡಿನ್ಯಾಗ ಸಿಗ್ತೈತಿ.