ಪೈಟಾರ್ಚ್‌ನಲ್ಲಿ ‘ಡಿವೈಸ್-ಸೈಡ್ ಅಸರ್ಟ್’ ಬಂದರೆ ಎಲ್ಲಿ ಹುಡುಕಬೇಕು?

ಪೈಟಾರ್ಚ್ (ಪೈಥಾನ್‌ನಲ್ಲಿ ಮಷೀನ್ ಲರ್ನಿಂಗ್ ಮಾಡೆಲ್ ಕಟ್ಟುವ ಲೈಬ್ರರಿ) ಬಳಸುವಾಗ ‘ಕ್ಯೂಡಾ ಎರರ್: ಡಿವೈಸ್-ಸೈಡ್ ಅಸರ್ಟ್ ಟ್ರಿಗರ್ಡ್’ ಎಂದು ಬಂದರೆ, ಅಂದರೆ ಜಿಪಿಯು ಒಳಗಿನ ಒಂದು ತಪಾಸಣೆ ವಿಫಲವಾದರೆ, ಎರರ್ ತೋರಿಸುವ ಸಾಲನ್ನು ನಂಬಬೇಡಿ. ಪೈಥಾನ್ ಜಿಪಿಯುಗೆ ಕೆಲಸ ಒಪ್ಪಿಸಿ, ಮುಗಿಯುವ ತನಕ ಕಾಯದೆ ಮುಂದೆ ಹೋಗಿರುತ್ತದೆ. ತಪ್ಪು ಒಂದು ಕಡೆ, ದೂರು ಇನ್ನೊಂದು ಕಡೆ.

ಮೊದಲು ನೋಟ್‌ಬುಕ್‌ನ ಕರ್ನಲ್ ರೀಸ್ಟಾರ್ಟ್ ಮಾಡಿ. ಒಮ್ಮೆ ಅಸರ್ಟ್ ಬಿದ್ದ ಪ್ರೊಸೆಸ್‌ನಲ್ಲಿ ಸರಿಯಾದ ಕೋಡ್ ಕೂಡ ಅದೇ ಎರರ್ ಕೊಡುತ್ತದೆ; ಇದು ತಿಳಿಯದೆ ಗಂಟೆಗಟ್ಟಲೆ ಹಾಳಾಗುವುದುಂಟು. ಆಮೇಲೆ ಮಾಡೆಲನ್ನೂ ಒಂದೇ ಒಂದು ಬ್ಯಾಚನ್ನೂ (ಒಟ್ಟಿಗೆ ಕೊಡುವ ಡೇಟಾ ಗುಂಪು) ಸಿಪಿಯುನಲ್ಲಿ ಓಡಿಸಿ. ‘ಟಾರ್ಗೆಟ್ 10 ಈಸ್ ಔಟ್ ಆಫ್ ಬೌಂಡ್ಸ್’ ಎಂಬಂಥ ನೇರ ಉತ್ತರ ಸಿಗುತ್ತದೆ. ಸಿಪಿಯುಗೆ ಮಾಡೆಲ್ ಭಾರವಾದರೆ, ಟಾರ್ಚ್ ಇಂಪೋರ್ಟ್ ಮಾಡುವ ಮೊದಲೇ ‘ಕ್ಯೂಡಾ_ಲಾಂಚ್_ಬ್ಲಾಕಿಂಗ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1 ಕೊಡಿ (ಹೆಸರು ಇಂಗ್ಲಿಷ್‌ನಲ್ಲಿ, ಎಲ್ಲವೂ ಕ್ಯಾಪಿಟಲ್ ಅಕ್ಷರ). ಆಗ ಪೈಥಾನ್ ಜಿಪಿಯು ಕೆಲಸ ಮುಗಿಯುವ ತನಕ ಕಾಯುತ್ತದೆ, ಎರರ್ ನಿಜವಾದ ಸಾಲನ್ನೇ ತೋರಿಸುತ್ತದೆ.

ಬಹಳ ಸಲ ತಪ್ಪು ಲೇಬಲ್‌ಗಳದ್ದೇ (ಪ್ರತಿ ಉದಾಹರಣೆ ಯಾವ ಕ್ಲಾಸ್‌ಗೆ ಸೇರಿದ್ದು ಎಂದು ಹೇಳುವ ಸಂಖ್ಯೆಗಳು). 10 ಕ್ಲಾಸ್ ಇದ್ದರೆ ಕ್ರಾಸ್ ಎಂಟ್ರೊಪಿ ಲಾಸ್‌ಗೆ (ಮಾಡೆಲ್ ಎಷ್ಟು ತಪ್ಪಿದೆ ಎಂದು ಅಳೆಯುವ ಫಂಕ್ಷನ್) ಕೊಡುವ ಲೇಬಲ್ 0ರಿಂದ 9ರೊಳಗೇ ಇರಬೇಕು. ಮಿನ್, ಮ್ಯಾಕ್ಸ್ ಪ್ರಿಂಟ್ ಮಾಡಿ ನೋಡಿ. 1, 10 ಎಂದು ಬಂದರೆ ಎಲ್ಲ ಲೇಬಲ್‌ನಿಂದ 1 ಕಳೆಯಿರಿ. ಕ್ಲಾಸ್ ಸಂಖ್ಯೆಯನ್ನೇ 11 ಮಾಡಿದರೂ ಎರರ್ ಹೋಗುತ್ತದೆ, ಆದರೆ ಅದು ತೇಪೆ ಹಚ್ಚಿದಂತೆ: ಯಾರಿಗೂ ಸೇರದ ಒಂದು ಕ್ಲಾಸ್ ಮಾಡೆಲ್‌ನಲ್ಲಿ ಉಳಿಯುತ್ತದೆ. -1 ಕಂಡರೆ ‘ಇಗ್ನೋರ್_ಇಂಡೆಕ್ಸ್’ (ಯಾವ ಲೇಬಲನ್ನು ಲಾಸ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಹೇಳುವ ಆಯ್ಕೆ) ನೋಡಿ. ಅದರ ಡಿಫಾಲ್ಟ್ -100, ಆದ್ದರಿಂದ -1 ತಾನಾಗಿ ಬಿಟ್ಟುಹೋಗುವುದಿಲ್ಲ.

ಲೇಬಲ್ ಸರಿಯಿದ್ದರೆ ಎಂಬೆಡಿಂಗ್ (ಪ್ರತಿ ಟೋಕನ್‌ಗೆ ಒಂದು ಸಂಖ್ಯಾಸಾಲು ಇಟ್ಟಿರುವ ಪಟ್ಟಿ) ನೋಡಿ. ಪಠ್ಯವನ್ನು ಟೋಕನ್‌ಗಳಾಗಿ, ಅಂದರೆ ತುಂಡುಗಳಾಗಿ, ಒಡೆಯುವ ಟೋಕನೈಸರ್‌ಗೆ ಹೊಸ ಟೋಕನ್ ಸೇರಿಸಿ ಎಂಬೆಡಿಂಗ್ ಗಾತ್ರ ಹಿಗ್ಗಿಸದಿದ್ದರೂ ಇದೇ ಅಸರ್ಟ್. ಬೈನರಿ ಕ್ರಾಸ್ ಎಂಟ್ರೊಪಿಗೆ (ಹೌದು-ಇಲ್ಲ ಉತ್ತರಗಳ ಲಾಸ್) ಸಿಗ್ಮಾಯ್ಡ್ (ಸಂಖ್ಯೆಯನ್ನು 0 ಮತ್ತು 1ರ ನಡುವೆ ತರುವ ಫಂಕ್ಷನ್) ಹಾಕದ ಔಟ್‌ಪುಟ್ ಹೋದರೂ ಅಷ್ಟೇ. ಅಲ್ಲಿ ಹೆಸರಿನಲ್ಲಿ ‘ವಿತ್ ಲಾಜಿಟ್ಸ್’ ಇರುವ ಲಾಸ್ ಬಳಸಿ; ಸಿಗ್ಮಾಯ್ಡನ್ನು ಅದೇ ಹಾಕಿಕೊಳ್ಳುತ್ತದೆ.