ದವಡೆಬೋನಿನ ತುಪ್ಪಳ ನಮ್ಮ ಬಂದರಿಗೆ ಬಾರದಂತೆ ಕೇಳುವುದು ಹೇಗೆ?

ಮುಂಬಯಿಯಲ್ಲಿ ತುಪ್ಪಳದ ಉಡುಪು ತೊಡುವಂಥ ಚಳಿ ಯಾವ ತಿಂಗಳಲ್ಲೂ ಬೀಳುವುದಿಲ್ಲ. ಆದರೂ ಈ ಊರಿನ ಕನ್ನಡಿಗರ ಮನೆಗಳಿಗೆ ತುಪ್ಪಳ ಬರುತ್ತಲೇ ಇದೆ. ಕೆನಡಾದಲ್ಲಿ ಓದುವ ಮಕ್ಕಳು ರಜೆಗೆ ಬರುವಾಗ ತರುವ ಜಾಕೆಟ್ಟಿನ ಟೊಪ್ಪಿಗೆಯ ಅಂಚಿನಲ್ಲಿ, ಮನಾಲಿ ಪ್ರವಾಸಕ್ಕೆಂದು ಕೊಂಡ ಕೈಗವಸಿನ ಒಳಪದರದಲ್ಲಿ, ಬೀಗದ ಕೈಗೆ ತೂಗುಹಾಕುವ ಮೆತ್ತನೆಯ ಗೊಂಡೆಯಲ್ಲಿ ಅದು ಇರುತ್ತದೆ. ಮಾಟುಂಗದ ನಮ್ಮ ಕಟ್ಟಡದಲ್ಲಿ ಕಳೆದ ಚಳಿಗಾಲದ ರಜೆಗೆ ಬಂದಿದ್ದ ಹುಡುಗನೊಬ್ಬನ ಜಾಕೆಟ್ಟಿನ ಒಳಪಟ್ಟಿಯಲ್ಲಿ ‘ಕೊಯೋಟಿ’ ಎಂದು ಬರೆದಿತ್ತು. ಅದೇನು ಪ್ರಾಣಿ, ಅದನ್ನು ಹೇಗೆ ಹಿಡಿಯುತ್ತಾರೆ, ಅದರ ತುಪ್ಪಳವನ್ನು ನಮ್ಮ ದೇಶ ಒಳಗೆ ಬಿಡುತ್ತದೆಯೇ ಎಂದು ಅವನ ತಾಯಿ ಕೇಳಿದರು. ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗ ತಿಳಿದದ್ದನ್ನೂ, ಒಬ್ಬ ಸಾಮಾನ್ಯ ನಾಗರಿಕ ಈ ವಿಷಯದಲ್ಲಿ ಏನು ಮಾಡಬಹುದು ಎಂಬುದನ್ನೂ ಹೆಜ್ಜೆಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಬೋನನ್ನು ತಿಳಿಯಿರಿ

ಕೊಯೋಟಿ ಉತ್ತರ ಅಮೆರಿಕದ ಪ್ರಾಣಿ. ನಮ್ಮ ಗುಳ್ಳೆನರಿಯ ಹತ್ತಿರದ ಬಂಧು, ಅದಕ್ಕಿಂತ ತುಸು ದೊಡ್ಡದು. ಮಿಂಕ್ ಪ್ರಾಣಿಯನ್ನು ಸಾಕಣೆ ಕೇಂದ್ರಗಳ ಪಂಜರಗಳಲ್ಲಿ ಬೆಳೆಸುವಂತೆ ಇದನ್ನು ಬೆಳೆಸುವುದಿಲ್ಲ. ಕಾಡಿನಲ್ಲಿ, ಹುಲ್ಲುಗಾವಲಿನಲ್ಲಿ ಗುಂಡಿಕ್ಕಿ ಕೊಲ್ಲುತ್ತಾರೆ, ಇಲ್ಲವೇ ಉರುಳು ಅಥವಾ ಬೋನು ಒಡ್ಡಿ ಹಿಡಿಯುತ್ತಾರೆ. ಬೋನು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಚಿರತೆ ಹಿಡಿಯಲು ಅರಣ್ಯ ಇಲಾಖೆಯವರು ಇಡುವ ಕಬ್ಬಿಣದ ಗೂಡು. ಇಲ್ಲಿ ಹೇಳುತ್ತಿರುವುದು ಅದಲ್ಲ. ಎರಡು ಉಕ್ಕಿನ ದವಡೆಗಳು, ಅವುಗಳನ್ನು ಬಿಗಿಹಿಡಿದ ಸ್ಪ್ರಿಂಗು, ನಡುವೆ ಒಂದು ತಟ್ಟೆ. ಪ್ರಾಣಿಯ ಪಾದ ಆ ತಟ್ಟೆಯನ್ನು ಒತ್ತಿದ ಕ್ಷಣದಲ್ಲಿ ದವಡೆಗಳು ಕಾಲನ್ನು ಕಚ್ಚಿ ಹಿಡಿಯುತ್ತವೆ. ಇದನ್ನು ದವಡೆಬೋನು ಎಂದು ಕರೆಯೋಣ. ಅದರ ಕೆಲಸ ಕೊಲ್ಲುವುದಲ್ಲ, ಹಿಡಿದಿಡುವುದು. ಬೇಟೆಗಾರ ಬರುವ ತನಕ, ಅದು ಕೆಲವು ಗಂಟೆಗಳೇ ಇರಲಿ ಕೆಲವು ದಿನಗಳೇ ಇರಲಿ, ಪ್ರಾಣಿ ನೀರಿಲ್ಲದೆ, ಮಂಜಿನಲ್ಲಿ, ಮುರಿದ ಅಥವಾ ಊದಿಕೊಂಡ ಕಾಲಿನೊಂದಿಗೆ ಅಲ್ಲೇ ಇರಬೇಕು. ತನ್ನ ಕಾಲನ್ನು ತಾನೇ ಕಡಿದುಕೊಂಡು ತಪ್ಪಿಸಿಕೊಳ್ಳುವ ಪ್ರಾಣಿಗಳೂ ಇವೆ. ತುಪ್ಪಳಕ್ಕೆ ಬಾರದ ಹದ್ದು, ಸಾಕುನಾಯಿಗಳು ಸಿಕ್ಕಿಬೀಳುವುದೂ ಉಂಟು, ಏಕೆಂದರೆ ತಟ್ಟೆಗೆ ಪಾದ ಯಾರದೆಂದು ತಿಳಿಯುವುದಿಲ್ಲ.

ಕನ್ನಡ ಓದುಗರಿಗೆ ಇದು ತೀರಾ ದೂರದ ಸಂಗತಿಯಾಗಿ ಕಾಣಬೇಕಿಲ್ಲ. ‘ಉರುಳಿಗೆ ಸಿಲುಕಿ ಚಿರತೆ ಸಾವು’ ಎಂಬ ಸುದ್ದಿಯನ್ನು ನಾವು ಕೊಡಗಿನಿಂದಲೋ ಮೈಸೂರು ಸೀಮೆಯಿಂದಲೋ ಓದುತ್ತಲೇ ಇರುತ್ತೇವೆ. ಹಂದಿಗೆಂದು ಬೇಲಿಯ ಸಂದಿಯಲ್ಲಿ ಕಟ್ಟಿದ ಬೈಕಿನ ಬ್ರೇಕ್ ತಂತಿ ಚಿರತೆಯ ಸೊಂಟಕ್ಕೆ ಬಿಗಿಯುತ್ತದೆ. ಬಿಡಿಸಿಕೊಳ್ಳಲು ಎಳೆದಷ್ಟೂ ಒಳಗೆ ಕೊಯ್ಯುತ್ತದೆ. ಅಂಥ ಉರುಳು ನಮ್ಮಲ್ಲಿ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೆ ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಬೋನಿಗೆ ಕೆಡಹುವುದು, ಅದಕ್ಕಾಗಿ ಆಮಿಷ ಒಡ್ಡುವುದು, ಇವೆಲ್ಲವೂ ಸೇರಿವೆ. ಬಂಡೀಪುರದ ಅಂಚಿನಲ್ಲಿ ಯಾವ ಕೃತ್ಯಕ್ಕೆ ಜೈಲು ಕಾದಿದೆಯೋ ಅದೇ ಕೃತ್ಯದಿಂದ ದೊರೆತ ಸರಕು ಮುಂಬಯಿ ಬಳಿಯ ನಾವಾಶೇವಾ ಬಂದರಿನಲ್ಲಿ ಸುಂಕ ಕಟ್ಟಿ ಒಳಗೆ ಬರಬಾರದು. ನನ್ನ ವಾದ ಇಷ್ಟೇ, ಮುಂದಿನ ಹೆಜ್ಜೆಗಳೆಲ್ಲ ಇದನ್ನೇ ಆಧರಿಸಿವೆ.

ಎರಡನೆಯದಾಗಿ, ಈಗಿರುವ ನಿಷೇಧವನ್ನು ಓದಿ

ಭಾರತ ಸರ್ಕಾರ 2017ರ ಜನವರಿಯಲ್ಲಿ ಮಿಂಕ್, ನರಿ ಮತ್ತು ಚಿಂಚಿಲಾ ಎಂಬ ಮೂರು ಪ್ರಾಣಿಗಳ ತುಪ್ಪಳದ ಆಮದನ್ನು ನಿಷೇಧಿಸಿತು. ಸರೀಸೃಪಗಳ ಚರ್ಮವನ್ನೂ ಅದೇ ಆದೇಶದಲ್ಲಿ ಸೇರಿಸಿತು. ಇದು ಒಳ್ಳೆಯ ಆದೇಶ. ಆದರೆ ಅದು ಪ್ರಾಣಿಯ ಹೆಸರು ಹಿಡಿದು ಬರೆದದ್ದು, ಹಿಡಿಯುವ ವಿಧಾನ ಹಿಡಿದು ಬರೆದದ್ದಲ್ಲ. ಆ ಮೂರು ಪ್ರಾಣಿಗಳ ತುಪ್ಪಳ ಹೆಚ್ಚಾಗಿ ಸಾಕಣೆ ಕೇಂದ್ರಗಳಿಂದ ಬರುವಂಥದ್ದು. ಕಾಡಿನ ಬೋನಿಗೆ ಬೀಳುವ ಕೊಯೋಟಿ, ರಕೂನ್, ಬೀವರ್, ಮಸ್ಕ್‌ರ್‍ಯಾಟ್‌ಗಳ ಹೆಸರು ಅದರಲ್ಲಿಲ್ಲ.

ಸುಂಕದ ಪಟ್ಟಿಯಲ್ಲಿ ತುಪ್ಪಳಕ್ಕೆ 43ನೆಯ ಅಧ್ಯಾಯ ಮೀಸಲು. 4301 ಎಂದರೆ ಹಸಿ ತುಪ್ಪಳ, 4302 ಹದಮಾಡಿದ್ದು, 4303 ತುಪ್ಪಳದ ಉಡುಪು ಮತ್ತು ಇತರ ಸಿದ್ಧವಸ್ತು, 4304 ಕೃತಕ ತುಪ್ಪಳ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ನೀತಿಯಲ್ಲಿ ಪ್ರತಿ ಸಾಲಿನ ಎದುರು ಆಮದು ಮುಕ್ತವೋ, ನಿರ್ಬಂಧಿತವೋ, ನಿಷಿದ್ಧವೋ ಎಂದು ಬರೆದಿರುತ್ತದೆ. ಅರ್ಜಿ ಬರೆಯುವ ಮುನ್ನ ಈ ಅಧ್ಯಾಯವನ್ನು ಸಾಲುಸಾಲಾಗಿ ಓದಿ, ಯಾವ ಸಾಲು ಬದಲಾಗಬೇಕೆಂದು ಗುರುತು ಹಾಕಿಕೊಳ್ಳಿ. ಯಾವ ದೇಶದಿಂದ ಎಷ್ಟು ಮೌಲ್ಯದ ಸರಕು ಬಂತೆಂಬುದನ್ನು ವಾಣಿಜ್ಯ ಇಲಾಖೆಯ ರಫ್ತು-ಆಮದು ದತ್ತಾಂಶ ಕೋಶದಲ್ಲಿ ಇದೇ ಸಂಖ್ಯೆಗಳನ್ನು ಹಾಕಿ ಯಾರು ಬೇಕಾದರೂ ನೋಡಬಹುದು.

ಮನೆಯ ಉಡುಪನ್ನು ಪರೀಕ್ಷಿಸುವ ಬಗೆ

ಮೂರನೆಯ ಹೆಜ್ಜೆಗೆ ಕಚೇರಿ ಅಲೆಯಬೇಕಿಲ್ಲ. ಕೂದಲನ್ನು ಬೆರಳಿನಿಂದ ಎರಡು ಪಕ್ಕಕ್ಕೆ ಸರಿಸಿ ಬುಡ ನೋಡಿ: ನೇಯ್ದ ಅಥವಾ ಹೆಣೆದ ದಾರದ ಬಟ್ಟೆ ಕಂಡರೆ ಅದು ಬಹುಮಟ್ಟಿಗೆ ಕೃತಕ, ತೊಗಲು ಕಂಡರೆ ನಿಜವಾದದ್ದು. ನಿಜವಾದ ತುಪ್ಪಳದ ಉದ್ದ ಕೂದಲಿನ ತುದಿ ಕತ್ತರಿಸಿರದಿದ್ದರೆ ಸೂಜಿಯಂತೆ ಸಣ್ಣಗಾಗುತ್ತ ಹೋಗುತ್ತದೆ, ಅದರ ಕೆಳಗೆ ಗಿಡ್ಡನೆಯ, ದಟ್ಟವಾದ ಮತ್ತೊಂದು ಪದರವಿರುತ್ತದೆ. ಇನ್ನೂ ಅನುಮಾನವಿದ್ದರೆ ನಾಲ್ಕಾರು ಕೂದಲನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು, ಸ್ಟೀಲಿನ ತಟ್ಟೆಯ ಮೇಲೆ ಸುಡಿ. ಪ್ರಾಣಿಯದಾದರೆ ನಮ್ಮ ತಲೆಗೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ. ಪ್ಲಾಸ್ಟಿಕ್ ನೂಲಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಕುರಿಯ ಉಣ್ಣೆಗೂ ಸುಟ್ಟ ಕೂದಲಿನ ವಾಸನೆಯೇ ಇರುವುದರಿಂದ ಬುಡ ನೋಡುವುದನ್ನು ಮೊದಲು ಮಾಡಬೇಕು. ಬೆಲೆಯನ್ನು ಮಾತ್ರ ನಂಬಬೇಡಿ. ಕಡಿಮೆ ಬೆಲೆಯ ಗೊಂಡೆ ಕೃತಕವೇ ಇರಬೇಕೆಂದು ನಾವು ಭಾವಿಸುತ್ತೇವೆ, ಆದರೆ ಮೊಲದ ತುಪ್ಪಳವೂ ಅಗ್ಗವಾಗಿ ದೊರೆಯುತ್ತದೆ.

ಒಳಪಟ್ಟಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಅಮೆರಿಕದಲ್ಲಿ 1951ರ ಕಾಯ್ದೆಯ ಪ್ರಕಾರ ತುಪ್ಪಳದ ಉಡುಪಿನ ಮೇಲೆ ಪ್ರಾಣಿಯ ಹೆಸರನ್ನೂ ಮೂಲದೇಶವನ್ನೂ ಬರೆಯಬೇಕು. ಅಗ್ಗದ ಉಡುಪುಗಳಿಗಿದ್ದ ವಿನಾಯಿತಿಯನ್ನು 2010ರಲ್ಲಿ ತಂದ ಕಾನೂನು ತೆಗೆದುಹಾಕಿತು. ಐರೋಪ್ಯ ಒಕ್ಕೂಟದ ಪಟ್ಟಿಯಲ್ಲಾದರೆ ‘ಪ್ರಾಣಿಮೂಲದ ಜವಳಿಯೇತರ ಭಾಗಗಳಿವೆ’ ಎಂಬ ಅರ್ಥದ ಒಂದು ವಾಕ್ಯವಷ್ಟೇ ಕಡ್ಡಾಯ. ಯಾವ ಪ್ರಾಣಿ ಎಂದು ಅದು ಹೇಳುವುದಿಲ್ಲ. ‘ಫಿನ್‌ರಕೂನ್’ ಎಂಬ ಹೆಸರು ಕಂಡರೆ ಅದು ರಕೂನ್ ಅಲ್ಲ, ನಾಯಿಯ ಕುಟುಂಬಕ್ಕೆ ಸೇರಿದ ರಕೂನ್ ನಾಯಿ ಎಂದು ತಿಳಿಯಿರಿ. ಯಾವ ಪಟ್ಟಿಯೂ ಪ್ರಾಣಿ ಎಂಥ ಬೋನಿಗೆ ಬಿತ್ತೆಂದು ಹೇಳುವುದಿಲ್ಲ. ಕೊಳ್ಳುವವರ ವಿವೇಕವೊಂದನ್ನೇ ನಂಬಿ ಕೂರಲಾಗದೆ ಬಂದರಿನ ನಿಯಮವನ್ನು ಕೇಳಬೇಕಾದದ್ದು ಈ ಕಾರಣಕ್ಕೆ.

ಅರ್ಜಿಯಲ್ಲಿ ಏನು ಕೇಳಬೇಕು, ಏನು ಕೇಳಬಾರದು

ನಾಲ್ಕನೆಯ ಹೆಜ್ಜೆ ಎಲ್ಲಕ್ಕಿಂತ ಕಷ್ಟದ್ದು. ಇದರಲ್ಲಿ ಯೂರೋಪಿನ ಅನುಭವವನ್ನು ಎಚ್ಚರದಿಂದ ಓದಬೇಕು. 1991ರಲ್ಲಿ ಇಂದಿನ ಐರೋಪ್ಯ ಒಕ್ಕೂಟದ ಹಿಂದಿನ ರೂಪವಾದ ಐರೋಪ್ಯ ಸಮುದಾಯವು ಒಂದು ನಿಯಮ ಮಾಡಿ, 1995ರಿಂದ ತನ್ನ ನೆಲದಲ್ಲಿ ದವಡೆಬೋನನ್ನು ನಿಷೇಧಿಸಿತು. ಜೊತೆಗೆ, ಅದನ್ನು ಬಳಸುವ ದೇಶಗಳಿಂದ 13 ಜಾತಿಯ ಪ್ರಾಣಿಗಳ ತುಪ್ಪಳ ಬರಬಾರದೆಂದಿತು. ಆದರೆ ‘ದವಡೆಬೋನನ್ನು ಬಿಟ್ಟಿರಬೇಕು, ಅಥವಾ ಅಂತರರಾಷ್ಟ್ರೀಯವಾಗಿ ಒಪ್ಪಿದ ಮಾನವೀಯ ಮಾನದಂಡವನ್ನು ಪಾಲಿಸಿರಬೇಕು’ ಎಂಬ ಆ ನಿಯಮದ ‘ಅಥವಾ’ ದೊಡ್ಡ ಬಾಗಿಲಾಯಿತು. ಕೆನಡಾ ಮತ್ತು ರಷ್ಯಾದೊಂದಿಗೆ 1990ರ ದಶಕದ ಕೊನೆಯಲ್ಲಿ ಮಾಡಿಕೊಂಡ ಒಪ್ಪಂದದಿಂದ, ಅಮೆರಿಕದೊಂದಿಗಿನ ಪ್ರತ್ಯೇಕ ತಿಳುವಳಿಕೆಯಿಂದ, ಆ ದೇಶಗಳ ತುಪ್ಪಳ ಬರುತ್ತಲೇ ಉಳಿಯಿತು. ಆ ಒಪ್ಪಂದದ ಮಾನದಂಡವನ್ನು ನೋಡಿ: ಕೊಲ್ಲುವ ಬೋನನ್ನು ಪರೀಕ್ಷಿಸುವಾಗ ಕನಿಷ್ಠ 12 ಪ್ರಾಣಿಗಳಲ್ಲಿ ಶೇ. 80ರಷ್ಟು ನಿಗದಿತ ಸಮಯದೊಳಗೆ ಪ್ರಜ್ಞೆ ತಪ್ಪಬೇಕು. ಆ ಸಮಯ ಅರ್ಮಿನ್ ಎಂಬ ಪುಟ್ಟ ಪ್ರಾಣಿಗೆ 45 ಸೆಕೆಂಡು, ಮಾರ್ಟೆನ್‌ಗೆ 120, ಉಳಿದವುಗಳಿಗೆ 300. ಐದು ನಿಮಿಷ ಪ್ರಜ್ಞೆಯಿದ್ದು ಸಾಯುವುದನ್ನು ಮಾನವೀಯ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ನಮ್ಮ ಅರ್ಜಿಯಲ್ಲಿ ‘ಮಾನವೀಯ ಬೋನು’ ಎಂಬ ಮಾತೇ ಬೇಡ. ದವಡೆಬೋನಿನಿಂದ ಅಥವಾ ಉರುಳಿನಿಂದ ಹಿಡಿಯಲು ಅವಕಾಶವಿರುವ ದೇಶಗಳ ಕಾಡುಪ್ರಾಣಿಗಳ ತುಪ್ಪಳವನ್ನೂ ಅದರ ಸಿದ್ಧವಸ್ತುಗಳನ್ನೂ ನಿಷಿದ್ಧ ಪಟ್ಟಿಗೆ ಸೇರಿಸಬೇಕೆಂದು ನೇರವಾಗಿ ಕೇಳಿ.

ಅದರ ಪಕ್ಕದಲ್ಲೇ ಒಂದು ವಾಕ್ಯ ಸೇರಿಸುವುದನ್ನು ಮರೆಯಬೇಡಿ: ಬದುಕಿರುವ ಕುರಿಯಿಂದ ಕತ್ತರಿಸಿದ ಉಣ್ಣೆ, ಅದರಿಂದ ನೇಯ್ದ ಬಟ್ಟೆ ಈ ಕೋರಿಕೆಗೆ ಒಳಪಡುವುದಿಲ್ಲ. ಚಳ್ಳಕೆರೆಯ ಕಂಬಳಿಯ ಮೇಲೆ ಮಲಗಿ ಬೆಳೆದವರು ನಾವು. ಕಂಬಳಿ ನೇಯುವವರಿಗೆ ಆತಂಕ ತರುವ ಒಂದು ಪದವೂ ಅರ್ಜಿಯಲ್ಲಿ ಇರಬಾರದು.

ಇನ್ನು ಕಾನೂನಿನ ಆಧಾರಗಳು. ವಿದೇಶಿ ವ್ಯಾಪಾರ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ, 1992ರ 3ನೆಯ ಕಲಮು ಆಮದನ್ನು ನಿಷೇಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. ಸುಂಕ ಕಾಯ್ದೆ, 1962ರ 11ನೆಯ ಕಲಮು ಅಂಥ ನಿಷೇಧಕ್ಕೆ ಇರಬಹುದಾದ ಉದ್ದೇಶಗಳನ್ನು ಪಟ್ಟಿಮಾಡುವಾಗ ನೈತಿಕತೆಯ ರಕ್ಷಣೆಯನ್ನೂ, ಮನುಷ್ಯ, ಪ್ರಾಣಿ, ಸಸ್ಯಗಳ ಜೀವರಕ್ಷಣೆಯನ್ನೂ ಹೆಸರಿಸುತ್ತದೆ. ಸಂವಿಧಾನದ 51ಎ ವಿಧಿಯು ಜೀವಿಗಳ ಬಗ್ಗೆ ಕರುಣೆ ತೋರುವುದನ್ನು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ.

ವಸ್ತುವನ್ನಲ್ಲ, ಅದನ್ನು ಪಡೆದ ವಿಧಾನವನ್ನು ನೋಡಿ ಆಮದು ತಡೆಯಬಹುದೇ ಎಂಬ ಆಕ್ಷೇಪ ಖಂಡಿತ ಬರುತ್ತದೆ. ತಡೆಯಬಹುದು, ನಾವೇ ತಡೆದಿದ್ದೇವೆ: ಪ್ರಾಣಿಗಳ ಮೇಲೆ ಪ್ರಯೋಗಿಸಿದ ಸೌಂದರ್ಯವರ್ಧಕಗಳ ಆಮದನ್ನು ಭಾರತ 2014ರಲ್ಲಿ ನಿಷೇಧಿಸಿತು. ಪ್ರಯೋಗ ಮಾಡಿದ ಕ್ರೀಮಿಗೂ ಮಾಡದ ಕ್ರೀಮಿಗೂ ಡಬ್ಬಿಯೊಳಗೆ ವ್ಯತ್ಯಾಸ ಕಾಣದಿದ್ದರೂ ವಿಧಾನವೇ ನಿಷೇಧಕ್ಕೆ ಕಾರಣವಾಯಿತು. ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಎರಡು ಪ್ರಕರಣಗಳು ನೆನಪಿಡಬೇಕಾದವು. ಒಂದರಲ್ಲಿ ನಾವೇ ದೂರುದಾರರು. ಕಡಲಾಮೆ ತಪ್ಪಿಸಿಕೊಳ್ಳುವ ಸಾಧನವಿಲ್ಲದ ಬಲೆಯಲ್ಲಿ ಹಿಡಿದ ಸೀಗಡಿಯನ್ನು ಅಮೆರಿಕ ತಡೆದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ದೂರಿದವು. 1998ರ ಮೇಲ್ಮನವಿ ತೀರ್ಪು ಅಮೆರಿಕದ ಉದ್ದೇಶವನ್ನು ತಪ್ಪೆನ್ನಲಿಲ್ಲ, ದೇಶದೇಶಗಳ ನಡುವೆ ತಾರತಮ್ಯ ಮಾಡಿ ಜಾರಿಗೊಳಿಸಿದ್ದನ್ನು ತಪ್ಪೆಂದಿತು. ಇನ್ನೊಂದು ಸೀಲ್ ಪ್ರಾಣಿಯದು. ಯೂರೋಪ್ 2009ರಲ್ಲಿ ಸೀಲ್ ಉತ್ಪನ್ನಗಳನ್ನು ನಿರ್ಬಂಧಿಸಿದಾಗ ಕೆನಡಾ, ನಾರ್ವೆ ದೂರಿದವು. ಪ್ರಾಣಿಗಳ ಯಾತನೆಯ ಬಗೆಗಿನ ಕಳವಳ ಸಾರ್ವಜನಿಕ ನೈತಿಕತೆಯ ವಿಷಯವೇ ಎಂದು 2014ರ ತೀರ್ಪು ಒಪ್ಪಿತು, ವಿನಾಯಿತಿಗಳನ್ನು ಜಾರಿಗೊಳಿಸಿದ ರೀತಿಯಲ್ಲಿ ದೋಷ ಕಂಡಿತು. ಎರಡರಿಂದಲೂ ಅರ್ಜಿದಾರರು ಕಲಿಯಬೇಕಾದದ್ದು, ನಿಯಮ ಎಲ್ಲ ದೇಶಗಳಿಗೂ ಒಂದೇ ಇರಬೇಕು, ನಮಗೂ ಅದೇ ಇರಬೇಕು. ಉರುಳನ್ನು ನಾವು 1972ರಲ್ಲೇ ಬೇಟೆಯ ವ್ಯಾಖ್ಯೆಯೊಳಗೆ ತಂದಿರುವುದು ಇಲ್ಲಿ ದೊಡ್ಡ ಬಲ. ಅದನ್ನು ಅರ್ಜಿಯ ಮೊದಲ ಪ್ಯಾರಾದಲ್ಲೇ ಬರೆಯಿರಿ.

ಯಾರಿಗೆ, ಹೇಗೆ ಕಳುಹಿಸುವುದು

ಆಮದು ನೀತಿಯ ಸಾಲು ಬದಲಾಗುವುದು ದೆಹಲಿಯ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಲ್ಲಿ, ಆದ್ದರಿಂದ ಮುಖ್ಯ ಪ್ರತಿ ಅಲ್ಲಿಗೇ ಹೋಗಬೇಕು. ಚರ್ಚ್‌ಗೇಟಿನಲ್ಲಿರುವ ಅದರ ಪ್ರಾದೇಶಿಕ ಕಚೇರಿಗೂ ಪರಿಸರ ಸಚಿವಾಲಯಕ್ಕೂ ಪ್ರತಿಗಳನ್ನು ಕಳುಹಿಸಿ. ತಿಂಗಳು ಕಳೆದರೂ ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನಿಮ್ಮ ಮನವಿಯ ಕಡತದ ಮೇಲೆ ಬರೆದ ಟಿಪ್ಪಣಿಗಳ ನಕಲನ್ನು ಕೇಳಿ. ಅದಕ್ಕೆ 30 ದಿನಗಳಲ್ಲಿ ಉತ್ತರಿಸಬೇಕು. ಅಂಗಡಿಯಲ್ಲಿ ನಮ್ಮದೇ ಕಾಡಿನ ಪ್ರಾಣಿಯ ತುಪ್ಪಳವನ್ನೋ ಮುಂಗುಸಿಯ ಕೂದಲಿನ ಬ್ರಷ್ಷನ್ನೋ ಕಂಡರೆ ಅದು ಅರ್ಜಿಯ ವಿಷಯವಲ್ಲ, ಅಪರಾಧದ ವಿಷಯ: ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಅಥವಾ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋಗೆ ತಿಳಿಸಿ, ಅಂಗಡಿಯವರೊಂದಿಗೆ ನೀವೇ ವಾದಕ್ಕಿಳಿಯಬೇಡಿ.

ಸಂಸತ್ತಿಗೂ ಮನವಿ ಸಲ್ಲಿಸಬಹುದು. ನಿಮ್ಮ ಕ್ಷೇತ್ರದ ಲೋಕಸಭಾ ಸದಸ್ಯರು ಅದನ್ನು ಮಂಡಿಸಲು ಒಪ್ಪಿದರೆ ಅವರ ಮೇಲುರುಜು ಬೇಕಾಗುತ್ತದೆ, ಭಾಷೆ ಗೌರವಯುತವಾಗಿರಬೇಕು, ಕೊನೆಯಲ್ಲಿ ಕೋರಿಕೆ ಏನೆಂದು ಸ್ಪಷ್ಟವಾಗಿ ಬರೆದಿರಬೇಕು. ನಮ್ಮ ಸಂಘಗಳಲ್ಲಿ ಸಹಿ ಸಂಗ್ರಹಿಸುವವರಿಗೆ ಅನುಕೂಲವಾಗುವ ಒಂದು ಅಂಶವೂ ಇದೆ: ಮನವಿಯನ್ನು ಕನ್ನಡದಲ್ಲೇ ಬರೆಯಬಹುದು, ಆದರೆ ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದವನ್ನು ಇಟ್ಟು ಅದಕ್ಕೂ ಅರ್ಜಿದಾರರು ಸಹಿ ಮಾಡಿರಬೇಕು.