ನುಡಿ ಫೈಲಿನಲ್ಲಿ ಉಳಿದ ಕಥೆಗಳನ್ನು ಇ-ಪುಸ್ತಕ ಮಾಡುವುದು ಹೇಗೆ?

ಹದಿನೈದು ವರ್ಷದ ಹಿಂದೆ ಒಂದು ಕಥಾಸಂಕಲನ ತಂದವರು ನಿಮ್ಮ ಪರಿಚಯದಲ್ಲೂ ಇರುತ್ತಾರೆ. ಐನೂರು ಪ್ರತಿ ಅಚ್ಚಾಗಿ, ಎಲ್ಲ ಖಾಲಿಯಾಗಿ, ಮನೆಯಲ್ಲಿ ಉಳಿದಿರುವುದು ಒಂದೋ ಎರಡೋ. ಮರುಮುದ್ರಣಕ್ಕೆ ದುಡ್ಡಿಲ್ಲ. ಅಂಥವರು ಪುಸ್ತಕವನ್ನು ತಾವೇ ಇ-ಪುಸ್ತಕ ಮಾಡಿ ಮಾರಬಹುದು, ಉಚಿತವಾಗಿಯೂ ಹಂಚಬಹುದು. ಬೇಕಾದ ಸಾಫ್ಟ್‌ವೇರ್ ಎಲ್ಲವೂ ಉಚಿತ. ಆದರೆ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಆಗ ಪುಸ್ತಕ ಟೈಪ್ ಮಾಡಿದ್ದು ನುಡಿಯಂಥ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ. ಆ ಹಳೆಯ ಫೈಲನ್ನು ಈಗಿನ ಫೋನುಗಳು ಓದುವ ಯುನಿಕೋಡ್‌ಗೆ ಬದಲಿಸಿ, ಒಂದು ಸಲವೂ ಓದದೆ ಅಂತರ್ಜಾಲಕ್ಕೆ ಏರಿಸಿಬಿಡುತ್ತಾರೆ. ಮೊದಲ ಪುಟದಲ್ಲೇ ‘ಕನಾರ್ಟಕ’ ಕಂಡ ಓದುಗರು ಎರಡನೇ ಪುಟಕ್ಕೆ ಹೋಗುವುದಿಲ್ಲ. ಅದಕ್ಕೇ ಈ ಲೇಖನದ ಬಹುಪಾಲು ಆ ಒಂದು ಹಂತಕ್ಕೇ ಮೀಸಲು.

ಮೊದಲು ಹಕ್ಕು ನೋಡಿಕೊಳ್ಳಿ

ಪುಸ್ತಕವನ್ನು ಬೇರೆ ಪ್ರಕಾಶಕರು ತಂದಿದ್ದರೆ ಒಪ್ಪಂದದ ಕಾಗದ ಹುಡುಕಿ. ಹಕ್ಕನ್ನು ಎಷ್ಟು ವರ್ಷಕ್ಕೆ ಬರೆದುಕೊಟ್ಟಿದ್ದೀರಿ ಎಂದು ಅದರಲ್ಲಿ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಐದು ವರ್ಷಕ್ಕೆ ಎಂದೇ ಲೆಕ್ಕ. ಹಾಗಿದ್ದರೂ ಪ್ರಕಾಶಕರಿಗೆ ಒಂದು ಮಾತು ಹೇಳಿಬಿಡಿ. ಮುಖಪುಟದ ಚಿತ್ರ ಬರೆದವರ ಒಪ್ಪಿಗೆ ಬೇರೆಯಾಗಿ ಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ.

ಪಿಡಿಎಫ್ ಬೇಡ, ಮೂಲ ಫೈಲ್ ತನ್ನಿ

ಅಚ್ಚಿಗೆ ಕಳಿಸಿದ ಪಿಡಿಎಫ್ ಇದೆಯಲ್ಲ, ಅದನ್ನೇ ಹಾಕೋಣ ಅಂತ ಅನ್ನಿಸುತ್ತದೆ. ದಯವಿಟ್ಟು ಬೇಡ. ಫೋನಿನಲ್ಲಿ ಅದನ್ನು ಓದಲು ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆಯಬೇಕು. ಅದರೊಳಗೆ ಒಂದು ಪದ ಹುಡುಕಿದರೆ ಸಿಗುವುದಿಲ್ಲ. ಕುರುಡರ ಫೋನು ಅದನ್ನು ಓದಿ ಹೇಳಲಾರದು. ಡಿಟಿಪಿ ಮಾಡಿಕೊಟ್ಟವರನ್ನು ಹುಡುಕಿ, ಪೇಜ್‌ಮೇಕರ್ ಅಥವಾ ವರ್ಡ್ ಫೈಲ್ ಕೇಳಿ. ಯಾವ ಫಾಂಟ್ ಬಳಸಿದ್ದರು ಅಂತಲೂ ಬರೆದುಕೊಳ್ಳಿ. ನುಡಿ, ಬರಹ ಆದರೆ ದಾರಿ ಸುಲಭ. ಶ್ರೀಲಿಪಿ ಆದರೆ ಅದಕ್ಕೆ ಬೇರೆಯದೇ ಪರಿವರ್ತಕ ಬೇಕು. ನುಡಿಯ ಪರಿವರ್ತಕಕ್ಕೆ ಹಾಕಿದರೆ ಬರೀ ಕಲಸುಮೇಲೋಗರ.

ಯುನಿಕೋಡ್‌ಗೆ ಬದಲಿಸುವುದು: ಇಲ್ಲಿ ನಿಧಾನ ಮಾಡಿ

ಏಕೆ ತಪ್ಪಾಗುತ್ತದೆ ಅಂತ ಗೊತ್ತಿದ್ದರೆ ತಪ್ಪು ಹಿಡಿಯುವುದು ಸುಲಭ. ನುಡಿಯ ಹಳೆಯ ಫಾಂಟಿನಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಂಡಿರುವುದು ಇಂಗ್ಲಿಷ್ ಅಕ್ಷರಗಳನ್ನೇ. ಅವುಗಳ ಮೇಲೆ ಕನ್ನಡದ ಚೂರುಗಳ ಚಿತ್ರ ಅಂಟಿಸಿದ್ದಾರೆ, ಅಷ್ಟೇ. ದೊಡ್ಡ ‘ಸಿ’ಯ ಜಾಗದಲ್ಲಿ ಅ, ‘ಡಿ’ಯ ಜಾಗದಲ್ಲಿ ಆ. ‘ಮ’ ಅನ್ನುವುದು ಅಲ್ಲಿ ಒಂದು ಅಕ್ಷರವೇ ಅಲ್ಲ. ‘ವ’ ಬರೆದು ಪಕ್ಕಕ್ಕೆ ಒಂದು ಬಾಲ ಸೇರಿಸಿದ್ದು. ಯುನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಜಾಗಗಳಿವೆ, ಅಲ್ಲಿ ‘ಮ’ ಅಂದರೆ ‘ಮ’ವೇ. ಪರಿವರ್ತಕದ ಕೆಲಸ ಈ ಚೂರುಗಳನ್ನು ಜೋಡಿಸಿ ಅಕ್ಷರ ಮಾಡುವುದು.

ಬದಲಿಸುವ ಮೊದಲು ಒಂದು ಕೆಲಸ ಇದೆ. ಕಥೆಯ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಪದಗಳನ್ನೆಲ್ಲ ಹುಡುಕಿ, ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಪರಿವರ್ತಕಕ್ಕೆ ಅಕ್ಷರ ಮಾತ್ರ ಕಾಣುತ್ತದೆ, ಫಾಂಟ್ ಕಾಣುವುದಿಲ್ಲ. ಹಾಗಾಗಿ ಸಿಡಿ ಅಂಗಡಿಯ ಕಥೆಯಲ್ಲಿ ಇಂಗ್ಲಿಷಿನಲ್ಲಿದ್ದ ‘ಸಿಡಿ’ ಹೋಗಿ ‘ಅಆ’ ಆಗಿಬಿಡುತ್ತದೆ.

ಈಗ ಬದಲಿಸಿ. ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಇದೆ. ಅಂತರ್ಜಾಲದಲ್ಲಿ ಉಚಿತವಾದವೂ ಇವೆ. ಇದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಇಡೀ ಪುಸ್ತಕವನ್ನು ಒಂದೇ ಸಲ ಸುರಿಯದೆ ಒಂದೊಂದೇ ಕಥೆ ಹಾಕಿ. ಆಮೇಲೆ ಈ ಐದು ತಪ್ಪುಗಳನ್ನು ಬೇಟೆಯಾಡಿ.

ಅರ್ಕಾವತ್ತು. ನುಡಿ ಫೈಲಿನಲ್ಲಿ ಅದು ಅಕ್ಷರ ಆದ ಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ಅಕ್ಷರಕ್ಕೆ ಮೊದಲೇ ರ್ ಬರಬೇಕು. ಪರಿವರ್ತಕ ಜಾಗ ಬದಲಿಸದಿದ್ದರೆ ಕೀರ್ತಿ ಹೋಗಿ ‘ಕೀತಿರ್’, ಮಾರ್ಗ ಹೋಗಿ ‘ಮಾಗರ್’, ಸೂರ್ಯ ಹೋಗಿ ‘ಸೂಯರ್’.

ಒಂಬತ್ತು. ಕೆಲವರು ಅರ್ಕಾವತ್ತಿನ ಬದಲು ಕನ್ನಡದ ೯ ಒತ್ತಿರುತ್ತಾರೆ: ‘ಕನಾ೯ಟಕ’. ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ.

ಸೊನ್ನೆ. ಅನುಸ್ವಾರ ಇರಬೇಕಾದ ಕಡೆ ಕನ್ನಡದ ಸೊನ್ನೆ ಕೂತಿರುತ್ತದೆ. ಇಲ್ಲಿ ‘ಎಲ್ಲ ಬದಲಿಸು’ ಗುಂಡಿ ಒತ್ತಲೇಬೇಡಿ. ೨೦೦೪ ಎಂಬ ಇಸವಿ ‘೨ಂಂ೪’ ಆಗುತ್ತದೆ. ಒಂದೊಂದನ್ನೇ ನೋಡಿ ಬದಲಿಸಿ.

ಬೇಡದ ಒತ್ತು. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆದದ್ದು ‘ಸಾಫ್ಟ್ವೇರ್’ ಎಂದು ಅಂಟಿಕೊಂಡಿರುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಲಿಬ್ರೆಆಫೀಸ್‌ನಲ್ಲಿ (ವರ್ಡ್‌ನಂಥದೇ ಉಚಿತ ಸಾಫ್ಟ್‌ವೇರ್) ಆ ಜಾಗಕ್ಕೆ ಹೋಗಿ 200 ಮತ್ತು ಇಂಗ್ಲಿಷಿನ ‘ಸಿ’ ಟೈಪ್ ಮಾಡಿ, ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ‘ರ‍್ಯಾಂಕ್’ ಪದಕ್ಕೆ ‘ಸಿ’ ಬದಲು ‘ಡಿ’, ಅದು ರ ಆದ ಕೂಡಲೇ, ಅರ್ಧಾಕ್ಷರ ಮಾಡುವ ‘್’ ಗುರುತಿಗೆ ಮೊದಲು.

ಸಾಲಿನ ಕೊನೆಯ ಅಡ್ಡಗೆರೆ. ಪೇಜ್‌ಮೇಕರ್‌ನಲ್ಲಿ ಪದ ಒಡೆದು ಹಾಕಿದ ಗೆರೆಗಳು ಹಾಗೇ ಬಂದು ‘ಹೋಗು-ತ್ತಾನೆ’ ಎಂದು ನಡುಸಾಲಿನಲ್ಲಿ ನಿಂತಿರುತ್ತವೆ.

ಇಷ್ಟು ಹಿಡಿದ ಮೇಲೂ ಓದಲೇಬೇಕು. ನನಗೆ ಕನ್ನಡ ಕಲಿಸಿದ ಟೀಚರ್ ಒಬ್ಬರ ಕಥೆಗಳನ್ನು ಹೀಗೆ ಮಾಡಿದಾಗ ಅವರು ಅಚ್ಚಾದ ಪುಸ್ತಕ ಹಿಡಿದು ಜೋರಾಗಿ ಓದುತ್ತಿದ್ದರು, ನಾನು ತೆರೆಯ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಿದ್ದೆ. 120 ಪುಟಕ್ಕೆ ನಾಲ್ಕು ಸಂಜೆ ಬೇಕಾಯಿತು. ಒಂದು ಕಡೆ ಅಜ್ಜಿಯ ಮಾತಿನ ಇಡೀ ಸಾಲೇ ಬಿಟ್ಟುಹೋಗಿತ್ತು. ಒಬ್ಬರೇ ಕೂತು ಓದಿದ್ದರೆ ಅದು ಸಿಗುತ್ತಿರಲಿಲ್ಲ, ಏಕೆಂದರೆ ಆ ಸಾಲಿಲ್ಲದೆಯೂ ಕಥೆ ಮುಂದೆ ಹೋಗುತ್ತಿತ್ತು. ಇದಕ್ಕೆ ಅಡ್ಡದಾರಿ ಇಲ್ಲ. ಕಾಗುಣಿತ ತಪ್ಪು ಹುಡುಕುವ ಸಾಫ್ಟ್‌ವೇರ್ ನಂಬಬೇಡಿ. ನಮ್ಮ ಆಡುಮಾತಿನ ಅರ್ಧ ಪದಗಳಿಗೆ ಅದು ಕೆಂಪು ಗೆರೆ ಎಳೆಯುತ್ತದೆ.

ಇಪಬ್ ಮಾಡುವುದು

ಇಪಬ್ ಅಂದರೆ ಫೋನಿನ ಅಳತೆಗೆ ತಕ್ಕಂತೆ ಸಾಲುಗಳು ಹೊಂದಿಕೊಳ್ಳುವ ಇ-ಪುಸ್ತಕದ ಫೈಲು. ಅದನ್ನು ಮಾಡುವುದು ಅರ್ಧ ಗಂಟೆಯ ಕೆಲಸ. ಪ್ರತಿ ಕಥೆಯ ಹೆಸರಿಗೂ ‘ಹೆಡಿಂಗ್ 1’ ಶೈಲಿ ಕೊಡಿ, ಪರಿವಿಡಿ ತಾನಾಗಿ ಬರುತ್ತದೆ. ಸುಮ್ನೆ ಅಕ್ಷರ ದಪ್ಪ ಮಾಡಿದರೆ ಬರುವುದಿಲ್ಲ. ಭಾಷೆ ಕನ್ನಡ ಎಂದು ನಮೂದಿಸಿ. ಲಿಬ್ರೆಆಫೀಸ್‌ನಿಂದಲೇ ಇಪಬ್ ಆಗಿ ಉಳಿಸಬಹುದು. ಸಣ್ಣಪುಟ್ಟ ತಿದ್ದುಪಡಿಗೆ ಸಿಗಿಲ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಫಾಂಟ್ ಸೇರಿಸುವುದಾದರೆ ನೋಟೊ ಸೆರಿಫ್ ಕನ್ನಡ ಹಾಕಿ. ಉಚಿತ, ಎಲ್ಲರಿಗೂ ಹಂಚುವ ಅನುಮತಿಯೂ ಇದೆ, ಒತ್ತಕ್ಷರಗಳೂ ಮುದ್ದಾಗಿ ಬರುತ್ತವೆ. ‘ಒಂದೇ ಕ್ಲಿಕ್ಕಿನಲ್ಲಿ ಇ-ಪುಸ್ತಕ’ ಎನ್ನುವ ಫೋನ್ ಆ್ಯಪ್‌ಗಳ ಹತ್ತಿರ ಹೋಗಬೇಡಿ. ನಾನು ನೋಡಿದವೆಲ್ಲ ಪ್ರತಿ ಪುಟದ ಫೋಟೊ ತೆಗೆದು ಇಪಬ್ ಎಂದು ಹೆಸರಿಟ್ಟು ಕೊಡುತ್ತವೆ. ಪಿಡಿಎಫ್‌ಗಿಂತಲೂ ಕಡೆ ಅದು.

ಫೈಲನ್ನು ಕನಿಷ್ಠ ಮೂರು ಫೋನಿನಲ್ಲಿ ತೆರೆದು ನೋಡಿ. ಒಂದಾದರೂ ಹಳೆಯದಿರಲಿ. ಅಕ್ಷರ ದೊಡ್ಡದು ಮಾಡಿ, ಹಿನ್ನೆಲೆ ಕಪ್ಪು ಮಾಡಿ, ಪರಿವಿಡಿಯಿಂದ ಕೊನೆಯ ಕಥೆಗೆ ಹಾರಿ.

ಎಲ್ಲಿ ಹಾಕುವುದು?

ಅಮೆಜಾನ್‌ನ ಇ-ಪುಸ್ತಕ ಅಂಗಡಿ ಕಿಂಡಲ್ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗೆ ಬಾಗಿಲು ತೆರೆದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಮಾರುವುದಾದರೆ ಗೂಗಲ್ ಪ್ಲೇ ಬುಕ್ಸ್ ನನ್ನ ಮೊದಲ ಆಯ್ಕೆ. ಆಂಡ್ರಾಯ್ಡ್ ಫೋನು ಇರುವವರೆಲ್ಲ ತಲುಪಬಹುದು. ಕನ್ನಡಕ್ಕೇ ಇರುವ ಮೈಲ್ಯಾಂಗ್‌ನಂಥ ತಾಣಗಳನ್ನೂ ಕೇಳಿ ನೋಡಿ, ಕನ್ನಡ ಪುಸ್ತಕ ಹುಡುಕಿಕೊಂಡೇ ಬರುವವರು ಅಲ್ಲಿರುತ್ತಾರೆ. ಉಚಿತವಾಗಿ ಕೊಡುವುದಾದರೆ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯ. ಅಲ್ಲಿ ಬೇರೆಯವರೂ ಹಂಚಲು ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಆರಿಸುವಾಗ ಮಾತ್ರ ಎರಡು ಸಲ ಯೋಚಿಸಿ. ಒಮ್ಮೆ ಕೊಟ್ಟ ಅನುಮತಿಯನ್ನು ವಾಪಸ್ ಪಡೆಯಲು ಆಗುವುದಿಲ್ಲ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಬೇಕಿದ್ದರೆ ಭಾರತದಲ್ಲಿ ಅದು ಉಚಿತ; ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಅಚ್ಚಿನ ಪುಸ್ತಕದ ಸಂಖ್ಯೆಯನ್ನೇ ಇಲ್ಲಿ ಬಳಸುವಂತಿಲ್ಲ. ಇದಕ್ಕೂ ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಕೊಡಬೇಡಿ.

ಏರಿಸಿದ ಮೇಲೆ ತಪ್ಪು ಸಿಕ್ಕರೆ ತಿದ್ದಿದ ಫೈಲನ್ನು ಅದೇ ಜಾಗಕ್ಕೆ ಮತ್ತೆ ಏರಿಸಬಹುದು. ಟೀಚರ್ ಪುಸ್ತಕಕ್ಕೆ ನಾವು ಎರಡು ಸಲ ಹಾಗೆ ಮಾಡಿದೆವು. ಎರಡನೇ ಸಲ ಏರಿಸಿದ್ದು ದುಬೈನಲ್ಲಿರುವ ಓದುಗರೊಬ್ಬರಿಂದಾಗಿ. ಪುಸ್ತಕ ಪೂರ್ತಿ ಓದಿ, ಟೀಚರಿಗೆ ಉದ್ದದ ಪತ್ರ ಬರೆದು, ಮೂರನೇ ಕಥೆಯಲ್ಲಿ ‘ಧೈಯರ್’ ಅಂತ ಒಂದು ಉಳಿದುಬಿಟ್ಟಿದೆ ಎಂದು ಕೊನೆಯಲ್ಲಿ ತಿಳಿಸಿದ್ದರು.